ಹಂಗೇರಿಯ ಕುಪ್ಪಸದಲ್ಲಿ ಉಡುಪಿ ಮಲ್ಲಿಗೆ

ಮಾರ್ತಾ ಮೇಡಂ, ನಿಮ್ಮ ಅಜ್ಜಿಯ ಕುಪ್ಪಸವನ್ನು ಹಾಳು ಮಾಡಿದವನು ನಾನು. ಆರು ವರ್ಷಗಳಿಂದ ನೀವು ಜೋಪಾನ ಮಾಡುತ್ತಿರುವುದು ಕೊಲ್ಲಿ ನಾಡಿನ ಈ ಮಲಾಜ್ ಬಡಾವಣೆಯ ನನ್ನ ಟೈಲರ್ ಅಂಗಡಿಯಲ್ಲಿ ಹುಟ್ಟಿದ ನಕಲು. ಇದನ್ನು ನಿಮಗೆ ಓದಲು ಬಾರದ ಕನ್ನಡದಲ್ಲಿ ಬರೆಯುತ್ತಿದ್ದೇನೆ – ಅದೂ ನನ್ನ ಹೇಡಿತನವೇ.

ನಿಮ್ಮ ಹಂಗೇರಿಯವರನ್ನು ಕಂಡರೆ ಆಗ ನನಗೆ ನಗು ಬರುತ್ತಿತ್ತು. ನಿಮ್ಮ ಗುಂಪೆಂದರೆ ಮೂವತ್ತು ಮಂದಿ. ಶುಕ್ರವಾರ ಬಂತೆಂದರೆ ಯಾರದೋ ವಿಲ್ಲಾದ ಅಂಗಳದಲ್ಲಿ ಸೇರಿ, ಬೂಟು ಹಾಕಿಕೊಂಡು ತೊಡೆ ತಟ್ಟಿ ಕುಣಿಯುವುದು, ಖಾರವೇ ಇಲ್ಲದ ಮೆಣಸಿನ ಪುಡಿ ಸುರಿದು ಹಂಡೆಯಲ್ಲಿ ಮಾಂಸದ ಸಾರು ಕುದಿಸುವುದು, ಮಕ್ಕಳು ಇಂಗ್ಲಿಷಿನಲ್ಲಿ ಬಾಯಿಬಿಟ್ಟರೆ ಗದರುವುದು. ‘ಎಂತ ನಾಟಕ ಮಾರಾಯ ಇವರದ್ದು’ ಎಂದು ಪಕ್ಕದ ಅಂಗಡಿಯವನ ಹತ್ತಿರ ಆಡಿಕೊಂಡಿದ್ದೆ. ನಾನೋ – ರಾಜ್ಯೋತ್ಸವದ ದಿನ ಹಳದಿ-ಕೆಂಪು ಶಾಲು ಹೊದ್ದು ಮೊದಲ ಸಾಲಿನಲ್ಲಿ ನಿಲ್ಲುವ ದೊಡ್ಡ ಮನುಷ್ಯ. ಮನೆಯಲ್ಲಿ ಮಗಳು ನಮ್ಮ ಮನೆಮಾತು ಬ್ಯಾರಿಯಲ್ಲೂ ಉತ್ತರಿಸುವುದಿಲ್ಲ, ಕನ್ನಡದಲ್ಲೂ ಇಲ್ಲ. ಅವಳು ಇಂಗ್ಲಿಷಿನಲ್ಲಿ ಹೇಳಿದ್ದಕ್ಕೆಲ್ಲ ಅರ್ಥವಾದವನಂತೆ ತಲೆಯಾಡಿಸುತ್ತೇನೆ.

ಮಕ್ಕಳ ಕುಣಿತಕ್ಕೆ ಎಂಟು ಕುಪ್ಪಸ ಬೇಕೆಂದು ನೀವು ಬಂದಿರಿ. ಮಾದರಿಗೆಂದು ನಿಮ್ಮ ಅಕ್ಕ ಊರಿನಿಂದ ಕಳಿಸಿದ್ದ ಪೊಟ್ಟಣವನ್ನು ನನ್ನ ಮೇಜಿನ ಮೇಲೆಯೇ ಬಿಚ್ಚಿದಿರಿ. ಅಜ್ಜಿಯ ಆ ಕುಪ್ಪಸವನ್ನು ನೀವು ನೋಡಿದ್ದು ಚಿಕ್ಕಂದಿನಲ್ಲಿ ಮಾತ್ರವಂತೆ; ಕಣ್ಣು ತುಂಬಿ ಬಂದು, ಸರಿಯಾಗಿ ನೋಡದೆಯೇ ಮಡಚಿಟ್ಟಿರಿ. ಎದೆಯ ಮೇಲಿನ ಆ ಕೆಂಪು ಹೂವನ್ನು ಹಾಕಬಲ್ಲವರು ನಿಮ್ಮ ಹಳ್ಳಿಯಲ್ಲಿ ಯಾರೂ ಉಳಿದಿಲ್ಲ, ನೀರು ಮಾತ್ರ ತಾಗಿಸಬೇಡ ಎಂದು ಎರಡೆರಡು ಸಲ ಹೇಳಿದಿರಿ.

ಬಟ್ಟೆ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಇವರಿಗೆ ಕೊಳೆಯೂ ಸಂಸ್ಕೃತಿಯೇ ಎಂದುಕೊಂಡು ಸಾಬೂನಿನ ಬಿಸಿನೀರಿನಲ್ಲಿ ಅದ್ದಿದೆ. ಕೆಂಪು ನೂಲು ಬಣ್ಣ ಬಿಟ್ಟು ಬಟ್ಟೆಗೆಲ್ಲ ಹರಡಿತು, ತೋಳು ಕೈಯಲ್ಲೇ ಕಿತ್ತು ಬಂತು.

ಹೂವು ಆಗಲೂ ಕಾಣುತ್ತಿತ್ತು ಮೇಡಂ. ನೋಡಿ ನಕಲು ಮಾಡಬಹುದಿತ್ತು. ಆದರೆ ಒಂದೊಂದು ಎಸಳಿಗೂ ಅರ್ಧ ದಿನದ ಕೈಕೆಲಸ – ನಾಟಕದವರಿಗೆ ಅಷ್ಟೆಲ್ಲ ಯಾಕೆ... ಹೊಸ ಬಟ್ಟೆಯಲ್ಲಿ ಅದೇ ಅಳತೆಯ ಕುಪ್ಪಸ ಹೊಲಿದು, ಮದುಮಗಳ ಬಟ್ಟೆಗೆ ಕಣ್ಣು ಮುಚ್ಚಿ ಹಾಕುತ್ತಿದ್ದ ನಮ್ಮ ಉಡುಪಿ ಮಲ್ಲಿಗೆಯ ಮೊಗ್ಗುಗಳನ್ನೇ ಕೆಂಪು ನೂಲಿನಲ್ಲಿ ಹಾಕಿದೆ. ಹಳತು ಕಾಣಲೆಂದು ಚಹಾದ ಡಿಕಾಕ್ಷನ್‌ನಲ್ಲಿ ನೆನೆಸಿದೆ. ನನ್ನ ಹೆಂಡತಿ ಜುಲೇಖಾ ನೋಡಿದವಳೇ, “ಅವರಿಗೆ ಹೇಳಿಬಿಡಿ ಮಾರಾಯ್ರೆ, ಅವರ ಅಜ್ಜಿದ್ದು ಅಲ್ವಾ ಅದು?” ಅಂದಳು. ಅವಳ ಬಾಯಿ ಮುಚ್ಚಿಸಿದೆ.

ನೀವು ಬಂದು ಹೂವಿನ ಮೇಲೆ ತುಂಬ ಹೊತ್ತು ಬೆರಳಾಡಿಸಿದಿರಿ.

“ಈ ಹೂವು ಇನ್ನೂ ದೊಡ್ಡದಿತ್ತಲ್ಲ?”

ಆಗಲೂ ಹೇಳಬಹುದಿತ್ತು. ನನ್ನ ಹರಕು ಇಂಗ್ಲಿಷಿನಲ್ಲಿ ನಾನು ಹೇಳಿದ್ದು ಇದು: “ಮಕ್ಕಳ ಕಣ್ಣಿಗೆ ಎಲ್ಲವೂ ದೊಡ್ಡದು ಮೇಡಂ. ವಯಸ್ಸಾದ ಮೇಲೆ ನೆನಪು ಹೀಗೇ ಮೋಸ ಮಾಡುತ್ತದೆ.”

ನೀವು ನಂಬಿದಿರಿ. ನಿಮ್ಮನ್ನು ಬಿಟ್ಟು ನನ್ನನ್ನು ನಂಬಿದಿರಿ. ಬಟ್ಟೆ ಹಾಳಾದದ್ದು ನನ್ನ ಅಹಂಕಾರದಿಂದ. ಈ ಮಾತನ್ನು ಮಾತ್ರ ತಿಳಿದೂ ತಿಳಿದೂ ಆಡಿದೆ.

ಆ ವರ್ಷ ನಿಮ್ಮ ಕೂಟಕ್ಕೆ ನನ್ನನ್ನೂ ಕರೆದಿರಿ. ಪುಟ್ಟ ಹುಡುಗಿಯೊಬ್ಬಳು ನಾಲಿಗೆ ಹೊರಚಾಚಿ, ಬೆರಳು ಚುಚ್ಚಿಸಿಕೊಂಡು ಮಲ್ಲಿಗೆ ಮೊಗ್ಗು ಹೊಲಿಯುತ್ತಿದ್ದಳು. ಅದು ತಮ್ಮ ಮುತ್ತಜ್ಜಿಯರ ಊರಿನ ಹೂವು ಎಂದು ನನಗೇ ತಿಳಿಸಿ ಹೇಳಿದಳು. ನಾನು ಅದೇ ಸಾರನ್ನು ಎರಡನೇ ಸಲ ಬಡಿಸಿಕೊಂಡು ಉಂಡೆ. ಅಂಥ ಗಂಟಲು ನನ್ನದು.

ಈಗ ನೀವು ಊರಿಗೇ ಹೋಗಿ ನೆಲೆಸುತ್ತೀರಿ. ಕುಪ್ಪಸವನ್ನು ಹಳ್ಳಿಯ ಒಂದು ಕೋಣೆಯ ಮ್ಯೂಸಿಯಂಗೆ ಕೊಡುತ್ತೀರಂತೆ. ಅಂಚು ಸರಿಮಾಡಲು ನನ್ನ ಬಳಿ ಬಿಟ್ಟಿದ್ದೀರಿ, ನಾಳೆ ಒಯ್ಯಲು ಬರುತ್ತೀರಿ.

ನಾನು ಕಸಕ್ಕೆ ಎಸೆದಿದ್ದರಲ್ಲಿ ಎದೆಯ ತುಂಡೊಂದನ್ನು ಜುಲೇಖಾ ಎತ್ತಿಟ್ಟಿದ್ದಳು. ನಿನ್ನೆ ಕೇಳಿದೆ, ಪೆಟ್ಟಿಗೆಯಿಂದ ತೆಗೆದು ತಂದುಕೊಟ್ಟಳು. ಬಣ್ಣ ಕಲಸಿದೆ, ಆದರೂ ಎಸಳು ಎಣಿಸಬಹುದು. ನಿಮ್ಮ ಕುಪ್ಪಸದ ಪಕ್ಕದಲ್ಲಿಯೇ ಮೇಜಿನ ಮೇಲೆ ಹರವಿ ಇಟ್ಟಿದ್ದೇನೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ನಾಳೆ ಹೇಳಬೇಕಾದ ಮಾತನ್ನು ಮಗಳಿಂದ ಸರಿಯಾದ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೇನೆ – ನಿಮ್ಮ ನೆನಪು ಸರಿಯಾಗಿಯೇ ಇತ್ತು ಮೇಡಂ, ಹೂವು ದೊಡ್ಡದೇ ಇತ್ತು.