ಬಿಸಿನೀರಿಗೆ ಭಟ್ಟರು ಬೆರೆಸಿದ ಮಡಿನೀರು

ಮೈಲಾಪುರದ ಆ ಹೋಟೆಲಿನಲ್ಲಿ ನಾನು ಸಪ್ಲೈಯರ್ ಆಗಿದ್ದೆ. ಕುಂದಾಪುರದ ಕಡೆಯಿಂದ ಬಂದವನು. ಅಕ್ಷರ ಕಲಿತದ್ದು ಮದರಾಸಿಗೆ ಬಂದ ಮೇಲೆ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಆ ಬೇಸಿಗೆಯಲ್ಲಿ ನಮ್ಮ ಅಡುಗೆ ಭಟ್ಟರಿಗೆ ಟೈಫಾಯ್ಡ್ ಆಯಿತು. ಒಂದೂವರೆ ತಿಂಗಳ ಮೇಲೆ ವಾಪಸು ಬಂದಾಗ ಅವರ ಪಂಚೆ ಸೊಂಟದ ಸುತ್ತ ಎರಡು ಸುತ್ತು ಜಾಸ್ತಿ ಬರುತ್ತಿತ್ತು. ನೀರಿನಿಂದ ಬಂದ ಜ್ವರ ಎಂದು ಡಾಕ್ಟರು ಹೇಳಿದ್ದರಿಂದ, ಗಿರಾಕಿಗಳಿಗೆ ಇನ್ನು ಕುದಿಸಿದ ನೀರನ್ನೇ ಕೊಡಬೇಕೆಂದು ಧಣಿಗಳು ನಿಶ್ಚಯಿಸಿದರು.

ಗಿರಾಕಿಗಳು ಲೋಟ ಮುಟ್ಟಿ ಕೈ ಹಿಂದೆಗೆದರು. “ಏನಪ್ಪಾ, ನಿಮ್ಮ ಕಾಫಿಗಿಂತ ನೀರೇ ಬಿಸಿ ಇದೆಯಲ್ಲ,” ಎಂದು ಒಬ್ಬರು ತಮಿಳಿನಲ್ಲಿ ಕೆಣಕಿದರು. ಪಕ್ಕದ ಹೋಟೆಲಿನಲ್ಲಿ ಮಣ್ಣಿನ ಕೊಡದ ತಣ್ಣೀರಿತ್ತು. ಒಬ್ಬೊಬ್ಬರಾಗಿ ಅಲ್ಲಿಗೆ ನಡೆದರು.

“ತಿಂಗ್ಳ್ ಕೊನಿ ತನ್ಕ ಕಾದ್ ಕಾಂತೆ,” ಎಂದರು ಧಣಿಗಳು. “ಆಮೇಲೂ ಜನ ಬರ್ದಿರೆ ಮತ್ತೆ ಬಾವಿ ನೀರೇ. ನಾನೊಬ್ಬ ಕುದ್ಸಿ ಕೊಟ್ರೆ ಊರ್ ಉದ್ಧಾರ ಆತ್ತಾ?”

ಮಲಗಿ ಎದ್ದು ಬಂದ ಭಟ್ಟರಿಗೆ ಕುದಿಸುವುದು ನಿಲ್ಲಬಾರದು ಎಂಬ ಹಟ. ಎರಡೇ ದಿನದಲ್ಲಿ ನಮ್ಮ ನೀರು ಕುಡಿಯುವ ಹದಕ್ಕೆ ಆರಿ ಬರತೊಡಗಿತು. ಗಿರಾಕಿಗಳೂ ಬಂದರು. ಹೇಗೆಂದು ಯಾರೂ ಕೇಳಲಿಲ್ಲ.

ಕೇಳಿದವರು ಹೆಲ್ತ್ ಇನ್‌ಸ್ಪೆಕ್ಟರು. ತಲೆಮಾರುಗಳಿಂದ ಮೈಲಾಪುರದಲ್ಲೇ ನೆಲೆಸಿದ್ದ ಕನ್ನಡದವರು.

“ಈಗ ತಾನೇ ಕುದಿಸಿದ್ದು ಇಷ್ಟು ಬೇಗ ಹೇಗೆ ಆರ್ತು ಭಟ್ರೇ?”

ಭಟ್ಟರು ಹೆಮ್ಮೆಯಿಂದ ಒಳಗೆ ಕರೆದೊಯ್ದು ತೋರಿಸಿದರು. ಒಂದು ತಂಬಿಗೆ ಬಿಸಿನೀರು, ಅದರ ಮೇಲೆ ಐದು ತಂಬಿಗೆ ಬಾವಿ ನೀರು.

“ಅಯ್ಯೋ ಸ್ವಾಮಿ, ಪಚ್ಚ ತಣ್ಣಿ, ಹಸಿ ನೀರು ಹಾಕ್ಬಿಟ್ರಲ್ಲ. ಕುದಿಸಿದ್ದೆಲ್ಲ ವೇಸ್ಟ್.”

“ಅದ್ ಬರೀ ನೀರಲ್ಲ ಸಾರ್. ನಾನೇ ಮಿಂದ್, ಒದ್ದಿ ಪಂಚಿ ಉಟ್ಕಂಡ್ ಸೇದಿದ್ದ್. ಮಡಿ ನೀರ್.”

“ಜ್ವರ ಬರೋಕೆ ಮುಂಚೆ ಯಾವ ನೀರು ಕುಡೀತಿದ್ರಿ?”

ಭಟ್ಟರು ತಂಬಿಗೆಯನ್ನು ಮೆಲ್ಲಗೆ ಕೆಳಗಿಟ್ಟರು. “ಇದೇ,” ಎಂದರು.

ಧಣಿಗಳು ಕೈ ಮುಗಿದರು. “ಇನ್ ಬಿಸಿ ಕೊಟ್ರೆ ಜನ ಪಕ್ಕಕ್ಕೆ ಹೋತ್ರ್ ಸಾರ್. ಎಲ್ಲರಿಗೂ ಒಂದೇ ಕಾನೂನ್ ಮಾಡಿ, ನಾನ್ ಖುಷಿಯಂಗೆ ಕುದಿಸ್ತೆ.”

“ಅದೇ ನಡೀತಿದೆ. ಕಾರ್ಪೊರೇಷನ್ ಡಾಕ್ಟರುಗಳು ನಿಯಮದ ಕರಡು ಬರೆದಿದ್ದಾರೆ. ಆದ್ರೆ ನಿಮ್ಮ ಅಡುಗೆಮನೇಲಿ ಏನಾಗತ್ತೆ ಅಂತ ಅವರಿಗೆ ಹೇಗೆ ತಿಳೀಬೇಕು? ಬುಧವಾರ ಹೋಟೆಲ್‌ನವರನ್ನೆಲ್ಲ ಕರೆದಿದ್ದಾರೆ. ಬಂದು ಹೇಳಿ.”

ನಡೆದದ್ದನ್ನೆಲ್ಲ ನಾನು ಎರಡು ಮಧ್ಯಾಹ್ನ ಕೂತು ದಪ್ಪ ಅಕ್ಷರದಲ್ಲಿ ಬರೆದೆ. ಸಭೆಯಲ್ಲಿ ಭಟ್ಟರು ಆ ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಬಾಯಲ್ಲೇ ಹೇಳಿದರು. ಇನ್‌ಸ್ಪೆಕ್ಟರು ತಮಿಳಿನಲ್ಲಿ ವಿವರಿಸಿದರು. ಹಾಲ್ ತುಂಬ ನಗೆ. ನೀರು ಕುದಿಸುವ ಬೇರೆ ಯಾರಾದರೂ ಹೀಗೆ ಬೆರೆಸುತ್ತೀರಾ ಎಂದು ಆರೋಗ್ಯಾಧಿಕಾರಿ ಕೇಳಿದಾಗ ನಗೆ ನಿಂತಿತು. ಹಿಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು. ಆಮೇಲೆ ಇನ್ನೊಂದು. ಆಮೇಲೆ ನಾನು ಎಣಿಸುವುದನ್ನು ಬಿಟ್ಟೆ. ಹಿಂದಿನ ಸಂಜೆಯೇ ಕುದಿಸಿ, ನಲ್ಲಿ ಇರುವ ಪಾತ್ರೆಯಲ್ಲಿ ಮುಚ್ಚಿಟ್ಟರೆ ಬೆಳಿಗ್ಗೆಗೆ ತಾನೇ ಆರುತ್ತದೆ ಎಂದರು ನಮ್ಮ ಧಣಿಗಳು. ಅಧಿಕಾರಿ ಅದನ್ನೂ ಬರೆದುಕೊಂಡರು.

ತಿಂಗಳ ಕೊನೆ ಬಂತು, ಹೋಯಿತು. ಧಣಿಗಳು ಬಾವಿ ನೀರಿನ ಮಾತೆತ್ತಲಿಲ್ಲ. ಮಳೆಗಾಲಕ್ಕೆ ಮುಂಚೆ, ಎಲ್ಲ ಹೋಟೆಲುಗಳೂ ಕುದಿಸಿದ ನೀರನ್ನೇ ಕೊಡಬೇಕೆಂಬ ಅಚ್ಚಾದ ನಿಯಮ ಬಂತು. ಅದರ ಒಂದು ಸಾಲನ್ನು ಇನ್‌ಸ್ಪೆಕ್ಟರು ಓದಿ ಹೇಳಿದರು: ಕುದಿಸಿದ ನೀರಿಗೆ ಕುದಿಸದ ನೀರನ್ನು, ಅದು ಯಾವ ರೀತಿ ತಂದದ್ದಾದರೂ, ಬೆರೆಸಕೂಡದು.

“ಯಾವ ರೀತಿ ತಂದದ್ದಾದರೂ,” ಎಂದು ಭಟ್ಟರು ಅವರಿಂದ ಮತ್ತೆ ಹೇಳಿಸಿ, ನನ್ನ ಕಡೆ ತಿರುಗಿದರು. “ಅದ್ ನನ್ನದೇ ಸಾಲ್. ಬರಿ ಮಾರಾಯ.”

ನಾನು ಅದನ್ನು ಕನ್ನಡದಲ್ಲಿ ಬರೆದು ನೀರಿನ ಪಾತ್ರೆಯ ಮೇಲಿನ ಗೋಡೆಗೆ ಅಂಟಿಸಿದೆ. ಆ ವಾರ ಪಕ್ಕದ ಹೋಟೆಲಿನ ಧಣಿ ನಮ್ಮಲ್ಲಿಗೇ ಬಂದು, ನಲ್ಲಿ ಇರುವ ಪಾತ್ರೆ ಎಲ್ಲಿ ಸಿಗುತ್ತದೆಂದು ಕೇಳಿದರು. ಭಟ್ಟರು ಅವರಿಗೆ ಮೊದಲು ಒಂದು ಲೋಟ ನೀರು ಕೊಟ್ಟರು.