ಹುಷಾರಾದವನ ಬಾಗಿಲು

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಹಾಕುವ ಗೆರೆಯಣ್ಣನಿಗೆ ಊರಿನವರ ಮುಖ ಗೊತ್ತಿಲ್ಲ, ಅಂಗಿ ಗೊತ್ತು. ಬಟ್ಟೆ ತಂದವರು ಮುಂದಿನ ಕೌಂಟರಿನಲ್ಲಿ ಯಜಮಾನನ ಹತ್ತಿರ ಮಾತಾಡಿ ಹೊರಟುಬಿಡುತ್ತಾರೆ. ಪರದೆಯ ಈಚೆಗೆ ಬರುವುದು ಬಟ್ಟೆಯ ಗಂಟು ಮಾತ್ರ. ಹಾಗಾಗಿ ರಸ್ತೆಯಲ್ಲಿ ನಡೆಯುವಾಗ ಇವನ ಕಣ್ಣು ಜನರ ಎದೆಮಟ್ಟದಲ್ಲೇ ಓಡಾಡುತ್ತದೆ. ಓ, ನೀಲಿ ಚೌಕಳಿ, ಗುಂಡಿ ಇನ್ನೂ ಹೊಲಿಸಿಲ್ಲ. ಓ, ಬಿಳಿ ಅಂಗಿ, ಪುಣ್ಯಾತ್ಮ ಮತ್ತೆ ಜೇಬಿನಲ್ಲಿ ಪೆನ್ನು ಸೋರಿಸಿಕೊಂಡಿದ್ದಾನೆ. ಅಂಗಿಯ ಗುರುತು ಸಿಕ್ಕ ಖುಷಿಗೆ ಇವನು ನಗುತ್ತಾನೆ. ಅಂಗಿಯೊಳಗಿನವನು ಇದ್ಯಾರಪ್ಪ ಎಂದು ತಿರುಗಿ ನೋಡಿ, ಹೆಜ್ಜೆ ಜೋರು ಮಾಡುತ್ತಾನೆ.

ಗೆರೆಯಣ್ಣ ಎಂಬುದು ಹೆತ್ತವರಿಟ್ಟ ಹೆಸರಲ್ಲ ಬಿಡಿ. ಇವನು ಪ್ಯಾಂಟಿಗೆ ಕೂರಿಸಿದ ಗೆರೆ ಕೂತೆದ್ದರೂ ಅಳಿಸುವುದಿಲ್ಲ ಎಂದು ಯಜಮಾನ ಹಾಗೆ ಕರೆದ, ಅದೇ ನಿಂತಿತು. ಅದೊಂದು ಹೊಗಳಿಕೆ ಬಿಟ್ಟರೆ ಯಜಮಾನನ ಬಾಯಿಂದ ಬರುವುದು ಎರಡೇ ಮಾತು, ‘ಇದು ಅರ್ಜೆಂಟು’ ಮತ್ತು ‘ಅದು ಆಯ್ತಾ’. ಕೆಟ್ಟವನಲ್ಲ. ಆಸ್ಪತ್ರೆಯಲ್ಲಿದ್ದು ಬಂದವನು ಎಂದು ಗೊತ್ತಿದ್ದೂ ಕೆಲಸ ಕೊಟ್ಟವನು. ಆದರೆ ಅಂಥವನ ಹತ್ತಿರ ಹೆಚ್ಚು ಮಾತು ಯಾಕೆ, ಎಲ್ಲಿ ಏನು ಕೆರಳುತ್ತದೋ ಎಂಬ ಹೆದರಿಕೆ. ಹೆದರಿಕೆಯೂ ಮರ್ಯಾದೆಯ ವೇಷ ಹಾಕಿಕೊಂಡು ಬಂದರೆ ಯಾರೇನು ಮಾಡಿಯಾರು?

ಆಸ್ಪತ್ರೆಯ ಕತೆ ಉದ್ದವಿದೆ, ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೀಸೆ ಚಿಗುರಿದ ಹೊಸತರಲ್ಲಿ ಇವನ ತಲೆಯೊಳಗೆ ದನಿಗಳು ಸೇರಿಕೊಂಡವು. ನೀನು ದಂಡಪಿಂಡ, ಗೋಡೆಯಾಚೆ ಕೂತು ಎಲ್ಲರೂ ನಿನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ, ನೀರಿಗೆ ವಿಷ ಹಾಕಿದ್ದಾರೆ, ಕುಡಿಯಬೇಡ. ಹಗಲೂ ರಾತ್ರಿ ಅದೇ. ದೊಡ್ಡ ಗೇಟಿನ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇದ್ದ. ಅಲ್ಲಿದ್ದಾಗಲೇ ಅಮ್ಮ ಹೋದಳು, ಮಣ್ಣಿಗೂ ಇವನನ್ನು ಕರೆಯಲಿಲ್ಲ. ಉಳಿದವಳು ಬೇರೆ ಊರಿನಲ್ಲಿರುವ ಅಕ್ಕ. ಭಾವನಿಗೆ ಇವನೆಂದರೆ ಆಗದು, ಹಾಗಾಗಿ ಅವನು ಮನೆಯಲ್ಲಿ ಇಲ್ಲದಾಗ ಅಕ್ಕ ಫೋನು ಮಾಡುತ್ತಾಳೆ. ‘ಮಾತ್ರೆ ತಗೊಳ್ತಿದೀಯಾ’ ಎಂದು ಕೇಳಿ, ಉತ್ತರ ಮುಗಿಯುವುದರೊಳಗೆ ‘ಯಾರೋ ಬಂದ್ರು, ಇಡ್ತೀನಿ’ ಅನ್ನುತ್ತಾಳೆ.

ಆಮೇಲೆ ಕಾಲ ಬದಲಾಯಿತು. ಇಂಥವರನ್ನು ಕೂಡಿಹಾಕಬಾರದು, ಊರಿನಲ್ಲಿ ನಾಲ್ಕು ಜನರ ನಡುವೆ ಬದುಕಲಿ, ಔಷಧಿಯೇ ಅವರ ಮನೆಗೆ ಹೋಗಲಿ ಎಂದು ಬಲ್ಲವರು ತೀರ್ಮಾನಿಸಿದರು. ಒಳ್ಳೆಯ ತೀರ್ಮಾನ, ತಪ್ಪು ಹೇಳುವಂತಿಲ್ಲ. ಗೆರೆಯಣ್ಣನಿಗೆ ಬಾಡಿಗೆಗೊಂದು ಕೋಣೆ ಸಿಕ್ಕಿತು, ಕೆಲಸ ಸಿಕ್ಕಿತು, ತಿಂಗಳಿಗೊಮ್ಮೆ ಸೂಜಿ ಚುಚ್ಚಲು ಮನೆಗೇ ಬರುವ ಸಿಸ್ಟರ್ ಸಿಕ್ಕಳು. ಆ ನಾಲ್ಕು ಜನ ಮಾತ್ರ ಎಲ್ಲಿದ್ದಾರೋ, ಇವತ್ತಿಗೂ ಸಿಕ್ಕಿಲ್ಲ.

ಸಿಸ್ಟರ್ ನಲವತ್ತು ದಾಟಿದ ಹೆಂಗಸು, ಗಟ್ಟಿ ಗಂಟಲು, ಮೆಟ್ಟಿಲು ಹತ್ತುವಾಗಲೇ ಮಾತು ಶುರು. ‘ಅಣ್ಣ, ಈ ಮೆಟ್ಟಿಲು ಕಟ್ಟಿದವನು ನನ್ನ ಕೈಗೆ ಸಿಗಬೇಕು’ ಎನ್ನುತ್ತಾ ಬಂದು ಕೂರುವಳು. ಅವಳಿಗೆಂದೇ ಗೆರೆಯಣ್ಣ ಒಂದು ಕುರ್ಚಿ ಕೊಂಡಿದ್ದ. ತನಗೆ ಮಂಚದ ಅಂಚು ಸಾಕು. ಸೂಜಿ ಚುಚ್ಚಲು ಎಷ್ಟು ಹೊತ್ತು ಬೇಕು ಹೇಳಿ? ಆದರೂ ಅವಳು ಟೀ ಮುಗಿಯುವವರೆಗೆ ಕೂರುವಳು. ಊಟ ಆಯ್ತಾ, ಏನು ಮಾಡಿಕೊಂಡಿದ್ರಿ, ಕೆಮ್ಮು ನಿಂತಿತಾ, ಮೆಟ್ಟಿಲಿನ ದೀಪ ಸರಿ ಮಾಡಿಸಿ ಎಂದು ಮನೆ ಮಾಲೀಕನಿಗೆ ಹೇಳಿದ್ರಾ. ಅವಳು ಬರುವ ದಿನ ಗೆರೆಯಣ್ಣ ಬೆಳಗ್ಗೆಯೇ ನೆಲ ಒರೆಸಿ, ತನ್ನ ಅಂಗಿಗೂ ಇಸ್ತ್ರಿ ಹಾಕಿಕೊಳ್ಳುತ್ತಿದ್ದ. ಅವಳೊಬ್ಬಳು ಬಿಟ್ಟರೆ ಆ ಬಾಗಿಲನ್ನು ತಟ್ಟುವವರು ಯಾರೂ ಇರಲಿಲ್ಲ.

ಒಂದು ದಿನ ಅವಳು ನಗುನಗುತ್ತಲೇ ಬಂದಳು. “ಅಣ್ಣ, ಒಳ್ಳೇ ಸುದ್ದಿ. ಹೊಸ ಇಂಜೆಕ್ಷನ್ ಬಂದಿದೆ, ಒಂದ್ಸಲ ಹಾಕಿದ್ರೆ ಮೂರು ತಿಂಗಳು. ನೀವೇ ನಮ್ಮ ಹೆಲ್ತ್ ಸೆಂಟರಿಗೆ ಬಂದು ಹಾಕಿಸ್ಕೊಂಡು ಹೋಗ್ಬಹುದು. ಮನೆಗೆ ಹೋಗೋದು ಇನ್ಮೇಲೆ ಕಾಯಿಲೆ ಜೋರಾಗಿರೋರ ಕಡೆ ಮಾತ್ರ. ನೀವು ಪಾಸು.”

“ಪಾಸಾ?” ಅಂದ ಗೆರೆಯಣ್ಣ.

“ಮತ್ತೇನು. ಹುಷಾರಾಗಿದೀರಿ, ದುಡೀತೀರಿ. ನಿಮ್ಮಂಥೋರು ಹುಷಾರಾದ್ರೆ ತಾನೇ ನಾವು ಇನ್ನೊಬ್ಬರ ಮನೆಗೆ ಹೋಗೋಕೆ ಆಗೋದು.”

ಅವಳು ಅಷ್ಟು ಸಂತೋಷದಿಂದ ಹೇಳುವಾಗ ಬೇಡ ಅನ್ನುವುದು ಹೇಗೆ? ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನ ಹಾಗೆ ತಲೆ ಆಡಿಸಿದ. ಅವಳು ಹೋದ ಮೇಲೆ ಲೋಟ ತೊಳೆಯುತ್ತಾ, ಹುಷಾರಾಗಿದ್ದಕ್ಕೆ ಮೊದಲ ಸಲ ಅವನಿಗೆ ಬೇಸರವಾಯಿತು.

ಸೆಂಟರಿಗೆ ಹೋದ. ಸಾಲಿನಲ್ಲಿ ಕೂತ, ಹೆಸರು ಕೂಗಿದರು, ತೋಳು ಕೊಟ್ಟ, ಹೊರಗೆ ಬಂದ. ಚುಚ್ಚಿದವರ ಮುಖ ನೋಡುವುದರೊಳಗೆ ಮುಂದಿನವರ ಹೆಸರು ಕೂಗಿಯಾಗಿತ್ತು. ಸಿಸ್ಟರ್ ಅಲ್ಲಿರಲಿಲ್ಲ, ಯಾರದೋ ಮನೆಗೆ ಹೋಗಿದ್ದಳು. ಆಮೇಲಿನ ದಿನಗಳು ಒಂದರ ಮೇಲೊಂದು ಮಡಿಸಿಟ್ಟ ಬೆಡ್‌ಶೀಟುಗಳ ಹಾಗೆ, ಯಾವುದು ನಿನ್ನೆಯದು ಯಾವುದು ಇವತ್ತಿನದು ಗೊತ್ತಾಗುತ್ತಿರಲಿಲ್ಲ. ಭಾನುವಾರ ಲಾಂಡ್ರಿಗೆ ರಜೆ. ಶನಿವಾರ ಸಂಜೆ ‘ಆಯ್ತು’ ಎಂದ ಬಾಯಿ ಸೋಮವಾರ ಬೆಳಗ್ಗೆ ‘ಬಂದೆ’ ಅನ್ನುವವರೆಗೆ ಸುಮ್ಮನಿರುತ್ತಿತ್ತು. ಒಮ್ಮೆ ತನ್ನ ದನಿ ಇದೆಯೋ ಇಲ್ಲವೋ ನೋಡೋಣವೆಂದು ಕೋಣೆಯಲ್ಲಿ ಜೋರಾಗಿ ಕೆಮ್ಮಿದ. ಇತ್ತು.

ಅಳದ ಮಗುವಿಗೆ ತಾಯಿಯೂ ಹಾಲು ಕೊಡುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಆ ಮಾತು ಇಸ್ತ್ರಿ ಹಾಕುವಾಗ ತಲೆಗೆ ಬಂತು, ಬಂದದ್ದು ಹೋಗಲಿಲ್ಲ. ಕಾಯಿಲೆ ಜೋರಾದರೆ ಮನೆಗೆ ಬರುತ್ತಾರೆ. ಜೋರಾಗಿದೆ ಅಂದರಾಯಿತು. ಊಟದ ವೇಳೆಯಲ್ಲಿ ಲಾಂಡ್ರಿಯ ಹೊರಗೆ ನಿಂತು ಸೆಂಟರಿಗೆ ಫೋನು ಮಾಡಿ ಅಂದೇಬಿಟ್ಟ: “ದನಿ ಮತ್ತೆ ಬರ್ತಿದೆ.”

ಮಾರನೆಯ ದಿನವೇ ಬಾಗಿಲು ತಟ್ಟಿದ ಸದ್ದು. ಸಿಸ್ಟರ್ ಬಂದಳು, ಜೊತೆಗೆ ಹೊಸ ಡಾಕ್ಟರು, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಚಪ್ಪಲಿ ಎಲ್ಲಿ ಬಿಡಲಿ ಎಂದು ಕೇಳಿದರು. ಆ ಕೋಣೆಯಲ್ಲಿ ಮೂರು ಜನ! ಗೆರೆಯಣ್ಣನಿಗೆ ಆಕಾಶಕ್ಕೆ ಮೂರೇ ಗೇಣು. ಡಾಕ್ಟರು ಕೇಳಿದ್ದಕ್ಕೆಲ್ಲ ಹೌದು ಹೌದು ಎಂದ. ಅವರು ಗಂಭೀರರಾಗಿ, ಇನ್ನೊಂದು ಬಗೆಯ ಮಾತ್ರೆ ಸೇರಿಸಿ, ಸಿಸ್ಟರ್ ವಾರಕ್ಕೊಮ್ಮೆ ಬಂದು ನೋಡಲಿ ಎಂದರು. ವಾರಕ್ಕೊಮ್ಮೆ! ತಿಂಗಳಿಗೊಮ್ಮೆ ಕೇಳಿದವನಿಗೆ ವಾರಕ್ಕೊಮ್ಮೆ ಸಿಕ್ಕಿತು. ಬಂದವಳು ಎಣಿಸಿದರೆ ಗುಟ್ಟು ಬಯಲಾದೀತೆಂದು ಆ ಮಾತ್ರೆಯನ್ನು ಒಂದೂ ಬಿಡದೆ ನುಂಗಿದ.

ಮಾತ್ರೆಗೇನು ಗೊತ್ತು ಇವನು ಸುಳ್ಳು ಹೇಳಿದ್ದಾನೆಂದು? ಅದು ತನ್ನ ಕೆಲಸ ಮಾಡಿತು. ನಾಲಿಗೆ ದಪ್ಪವಾಯಿತು, ನಿಂತಲ್ಲೇ ತೂಕಡಿಕೆ, ಕೈ ನಡುಕ. ಪ್ಯಾಂಟಿನ ಗೆರೆ ಸೊಟ್ಟಗೆ ಹೋಗಿ ಒಂದರ ಪಕ್ಕ ಇನ್ನೊಂದು ಮೂಡಿತು. ಒಂದು ಮಧ್ಯಾಹ್ನ ಇಸ್ತ್ರಿಪೆಟ್ಟಿಗೆ ಅಂಗಿಯ ಬೆನ್ನ ಮೇಲೇ ಇತ್ತು, ಇವನು ಗೋಡೆಗೊರಗಿ ಕಣ್ಣು ಮುಚ್ಚಿದ್ದ. ವಾಸನೆಗೆ ಯಜಮಾನ ಓಡಿಬಂದ. ಬೈಯಲಿಲ್ಲ. ಸುಟ್ಟ ಅಂಗಿಯನ್ನು ಕೈಗೆತ್ತಿಕೊಂಡು, ಅದನ್ನೇ ನೋಡುತ್ತಾ ಹೇಳಿದ: “ಇನ್ನೊಂದು ಹಿಂಗಾದ್ರೆ ನಂಗೆ ಬೇರೆ ದಾರಿ ಇಲ್ಲ ಕಣೋ.”

ಆ ವಾರ ಸಿಸ್ಟರ್ ಬಂದಾಗ ಟೀ ಲೋಟ ಅವನ ಕೈಯಲ್ಲಿ ಕುಣಿಯುತ್ತಿತ್ತು. ಅವಳೇ ಇಸಿದುಕೊಂಡು ಕೆಳಗಿಟ್ಟಳು. ಪೆನ್ನು ತೆಗೆದಳು.

“ಆ ದನಿ ಏನು ಹೇಳುತ್ತೆ ಅಣ್ಣ? ಬೈಯುತ್ತಾ?”

ಬೈಗುಳ ಕಟ್ಟಲು ತಲೆ ಓಡಲಿಲ್ಲ. “ಬೈಯಲ್ಲ.”

“ಮತ್ತೆ?”

“ಊಟ ಆಯ್ತಾ ಅಂತ ಕೇಳುತ್ತೆ.”

“ಆಮೇಲೆ?”

“ಕೆಮ್ಮು ನಿಂತಿತಾ ಅನ್ನುತ್ತೆ. ಮೆಟ್ಟಿಲಿನ ದೀಪದ ವಿಷಯ ಹೇಳಿದ್ರಾ ಅಣ್ಣ ಅನ್ನುತ್ತೆ.”

ಬರೆಯುತ್ತಿದ್ದ ಕೈ ನಿಂತಿತು. ಸಿಸ್ಟರ್ ಪೆನ್ನಿಗೆ ಮುಚ್ಚಳ ಹಾಕಿದಳು. “ಆ ದನಿ ನಿಲ್ಲಬೇಕು ಅನ್ಸುತ್ತಾ ನಿಮಗೆ?”

“ಬೇಡ,” ಅಂದ ಗೆರೆಯಣ್ಣ. “ಅದೊಂದು ಇರ್ಲಿ.”

ಅವಳ ಕಣ್ಣಲ್ಲಿ ನೀರು ಬಂತು. ಅದಕ್ಕಿಂತ ಬೇಗ ಸಿಟ್ಟು ಬಂತು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತಳು. “ನಾನು ಇಲ್ಲಿ ಬಂದು ಕೂತಿರೋ ಹೊತ್ತಿಗೆ ಊರ ಆ ತುದೀಲಿ ಒಬ್ಬ ತಾಯಿ, ಮಗನ್ನ ಕೋಣೇಲಿ ಹಾಕಿ ಚಿಲಕ ಹಾಕ್ಕೊಂಡು, ಹೊರಗೆ ಕೂತು ಅಳ್ತಿದಾಳೆ. ಇವತ್ತು ಅವಳ ಮನೆಗೆ ಹೋಗ್ಬೇಕಿತ್ತು ನಾನು. ನಿಮಗೆ ಜೋರಾಗಿದೆ ಅಂತ ಇಲ್ಲಿಗೆ ಬಂದೆ.”

ಗೆರೆಯಣ್ಣ ತಲೆ ತಗ್ಗಿಸಿದ. ಇದು ಅವನಿಗೆ ಹೊಳೆದೇ ಇರಲಿಲ್ಲ. ಚಿಲಕದ ಒಳಗೆ ಕೂರುವುದು ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು.

ಅವಳು ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿ, ಇದ್ದದ್ದು ಇದ್ದ ಹಾಗೆ ಹೇಳಿದಳು. ಹೊಸ ಮಾತ್ರೆಯನ್ನು ಇಳಿಸುತ್ತಾ ಬಂದು ನಿಲ್ಲಿಸುವುದೆಂದಾಯಿತು. ವಾರದ ಭೇಟಿಯೂ ಬೇಡವೆಂದಾಯಿತು. ಚೀಲದ ಜಿಪ್ಪು ಎಳೆಯುವಾಗ ಅವಳ ದನಿ ಸ್ವಲ್ಪ ಇಳಿದಿತ್ತು.

“ತೋಳ ಬಂತು ತೋಳ ಕತೆ ಆಗುತ್ತೆ ಅಣ್ಣ ಇದು. ನಾಳೆ ನಿಜವಾಗ್ಲೂ ದನಿ ಬಂತು ಅಂತ ನೀವು ಫೋನು ಮಾಡಿದ್ರೆ ನಾನು ಹ್ಯಾಗೆ ನಂಬ್ಲಿ?”

“ನಿಜವಾಗ್ಲೂ ಬಂದ್ರೆ ನಾನು ಫೋನು ಮಾಡಲ್ಲ ಸಿಸ್ಟರ್,” ಅಂದ ಗೆರೆಯಣ್ಣ. “ಯಾರಿಗೂ ಹೇಳ್ಬೇಡ ಅಂತವೆ ಅವು. ಈ ಕೋಣೆಗೆ ಬಂದ ಹೊಸದ್ರಲ್ಲಿ ಅವು ಬಂದಾಗ ಹೇಳಿದ್ನಾ? ಕಿಟಕಿಗೆಲ್ಲ ಪೇಪರ್ ಅಂಟಿಸ್ಕೊಂಡು ಕತ್ತಲೇಲಿ ಕೂತಿದ್ದೆ. ಬಾಗಿಲ ಸಂದೀಲಿ ನಿಂತು, ಆರಾಮಾಗಿದೀನಿ ಹೋಗಿ ಅಂದೆ ನಿಮಗೆ. ನೀವು ನಂಬ್ಲಿಲ್ಲ. ತಳ್ಕೊಂಡು ಒಳಗೆ ಬಂದ್ರಿ, ನೋಡಿದ್ರಿ. ಇನ್ಮೇಲೆ ಯಾರು ನೋಡ್ತಾರೆ?”

ಸಿಸ್ಟರ್ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಹೋದವಳು ನಿಂತು, ಕೋಣೆಯನ್ನು ಒಂದು ಕಡೆಯಿಂದ ನೋಡುತ್ತಾ ಬಂದಳು. ಮಂಚ, ಸ್ಟೌ, ಹಗ್ಗದ ಮೇಲಿನ ಟವೆಲ್ಲು, ಬೆಳಕು ಬರುತ್ತಿದ್ದ ಕಿಟಕಿ. ಎಲ್ಲವೂ ಒಪ್ಪವಾಗಿತ್ತು.

“ಮೀಟಿಂಗಲ್ಲಿ ಹೇಳ್ತೀನಿ,” ಅಂದಳು. “ಒಬ್ಬೊಬ್ಬರೇ ಇರೋರನ್ನಾದ್ರೂ ಹುಷಾರಾಗಿದ್ರೂ ಹೋಗಿ ನೋಡ್ಕೊಂಡು ಬರೋಣ ಅಂತ.”

“ಒಪ್ತಾರಾ?”

“ಗೊತ್ತಿಲ್ಲ ಅಣ್ಣ. ಊರಿಗೆಲ್ಲ ಇರೋದೇ ನಾವು ಇಬ್ಬರು ಸಿಸ್ಟರ್‌ಗಳು.”

“ಅಲ್ಲೀವರೆಗೆ?”

ಅವಳು ಚಪ್ಪಲಿ ಮೆಟ್ಟಿಕೊಂಡಳು. ಆ ತಾಯಿಯ ಮನೆ ದೂರವಿತ್ತು, ಹೊತ್ತಾಗುತ್ತಿತ್ತು. ಬರ್ತೀನಿ ಅನ್ನಲು ಬಾಯಿ ತೆರೆದವಳು, ಆ ಮಾತನ್ನು ಅಲ್ಲೇ ನುಂಗಿ, ಸುಮ್ಮನೆ ಮೆಟ್ಟಿಲಿಳಿದು ಹೋದಳು.