ಪ್ಲಾಸ್ಟಿಕ್ ಕಾಗದದ ಆಚೆ ನನ್ನ ನೆಗೆಣ್ಣಿ

ನನ್ನ ನೆಗೆಣ್ಣಿಯ ಎಡಗೈ ಹೆಬ್ಬೆರಳಿನ ಉಗುರು ಸದಾ ಕಪ್ಪಗೇ ಇರುತ್ತಿತ್ತು. ಮೊಳೆ ಹೊಡೆಯಲು ಗಂಡಸರಿಗಾಗಿ ಕಾಯುವವಳಲ್ಲ. ಏಟು ತಪ್ಪಿ ಬೆರಳಿಗೆ ಬಿದ್ದರೆ ಸುತ್ತಿಗೆಯನ್ನೇ ಬೈಯುತ್ತಿದ್ದಳು. ನಮ್ಮ ಭಾವನವರ ಹೆಂಡತಿ, ನನಗಿಂತ ದೊಡ್ಡವಳು. ಬಾಯಲ್ಲಿ ಅಕ್ಕ ಎನ್ನುತ್ತಿದ್ದೆ, ಹೊಟ್ಟೆಯೊಳಗೆ ಉರಿಯುತ್ತಿದ್ದೆ.

ಹಂಪಸಾಗರದಿಂದ ಕೊಟ್ಟೂರಿಗೆ ಸೊಸೆಯಾಗಿ ಬಂದಾಗ ನನಗಿದ್ದ ಹೆಮ್ಮೆ ಒಂದೇ, ಶಾವಿಗೆ ಹೊಸೆಯುವ ಕೈ. ನನ್ನ ಎಳೆ ಕೂದಲಿನಷ್ಟು ಸಣ್ಣ, ಅವಳದು ಹಗ್ಗ. ಬೇಸಿಗೆ ಬಂತೆಂದರೆ ಓಣಿಯ ಹೆಂಗಸರೆಲ್ಲ ತಮ್ಮ ಮಣೆ ತಂದು ನನ್ನ ಸುತ್ತ ಕೂರುತ್ತಿದ್ದರು. ಮನೆ ಪಾಲಾದಾಗ ಹಿತ್ತಲ ಕಟ್ಟೆ ನಮಗೆ, ಅದರೆದುರಿನ ತಗಡಿನ ಶೆಡ್ಡು ಅವರಿಗೆ ಬಂತು. ನಾಲ್ಕು ಕಂಬ, ಮೇಲೆ ತಗಡು, ಗೋಡೆಯೇ ಇಲ್ಲ. ಗೆದ್ದೆ ಅಂದುಕೊಂಡೆ.

ಮರುಬೇಸಿಗೆಗೆ ಅವಳು ಸಂತೆಯಿಂದ ಗಾಜಿನಂತೆ ಆಚೆಯದೆಲ್ಲ ಕಾಣುವ ಪ್ಲಾಸ್ಟಿಕ್ ಕಾಗದ ತಂದು ಸುತ್ತಲೂ ಬಿಗಿದಳು. ಮೊಳೆ ಹೊಡೆದಲ್ಲಿ ಹರಿಯದಿರಲೆಂದು ಬಾಟಲಿಯ ತಗಡಿನ ಮುಚ್ಚಳಗಳನ್ನು ಒತ್ತುಕೊಟ್ಟಳು. ಕೆಳ ಅಂಚಿಗೆ ಬಿದಿರಿನ ಗಳ ಕಟ್ಟಿದಳು. ಸೆಕೆಯಾದರೆ ಸುತ್ತಿ ಮೇಲೆತ್ತುವುದು, ಗಾಳಿ ಎದ್ದರೆ ಇಳಿಬಿಡುವುದು. ಒಳಗೆ ಬೇಕಾದಷ್ಟು ಬೆಳಕು, ಧೂಳಿನ ಸುಳಿವಿಲ್ಲ. ಓಣಿಗೆ ಓಣಿಯೇ ಮಣೆ ಎತ್ತಿಕೊಂಡು ಅಲ್ಲಿಗೆ ಹೋಯಿತು.

"ಬಾ ಒಳಗ. ಧೂಳು ತಿನ್ನಾಕ ಕುಂತೀಯೇನು ಅಲ್ಲಿ?" ಎಂದು ಕರೆದಳು.

"ನನಗ ಗಾಳಿ ಬೇಕು," ಎಂದೆ. ಆ ಗಾಳಿಯೇ ಅವಳ ಕಾಗದವನ್ನು ಕಿತ್ತುಕೊಂಡು ಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ಗಾಳಿ ಬಂತು, ಜೊತೆಗೆ ಮಳೆಯನ್ನೂ ತಂತು. ಅಂದು ನನ್ನ ತಂಗಿಯ ಮದುವೆಗೆಂದು ಹೊಸೆದ ಶಾವಿಗೆಯೆಲ್ಲ ಕಟ್ಟೆಯ ಮೇಲೆ ಕೋಲುಗಳಲ್ಲಿ ನೇತಾಡುತ್ತಿತ್ತು. ನಾನು ಸೆರಗು ಬಿಚ್ಚಿ ಅಡ್ಡ ಹಿಡಿದೆ. ಅವಳು ಓಡಿ ಬಂದು ನನ್ನ ಕೋಲುಗಳನ್ನು ಶೆಡ್ಡಿನೊಳಗೆ ಹೊತ್ತೊಯ್ದಳು. ಜಾಗ ಸಾಲಲಿಲ್ಲ. ಇನ್ನೂ ಹಸಿಯಿದ್ದ ತನ್ನ ಶಾವಿಗೆಯನ್ನು ಸರಸರನೆ ಇಳಿಸಿ ಬುಟ್ಟಿಗೆ ತುರುಕಿದಳು.

"ಅಕ್ಕಾ, ನಿನ್ನವು ಮುದ್ದಿ ಆಗ್ತಾವು!"

"ಆಗ್ಲಿ ಬಿಡು. ನನ್ನವು ಮನ್ಯಾಗ ತಿನ್ನೂವು. ನಿನ್ನವು ಮದಿವಿ ಎಲಿಗೆ ಹೋಗೂವು." ಆಮೇಲೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ದಿನಾ ನೀ ಹಲ್ಲು ಕಡಕೊಂಡು ನಮ್ಮನ್ನ ನೋಡೂದು ಒಳಗಿಂದ ಚಂದಗ ಕಾಣ್ತೈತಿ, ಗೊತ್ತೈತಿಲ್ಲ?" ಎಂದಳು.

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಒಳಗಿನ ಅವರು ನನಗೆ ಕಂಡರೆ ಹೊರಗಿನ ನಾನೂ ಅವರಿಗೆ ಕಾಣುತ್ತೇನೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಮದುವೆಯಲ್ಲಿ ಎಲ್ಲರಿಗಿಂತ ಮೊದಲು ನನ್ನ ಶಾವಿಗೆಯನ್ನು ಹೊಗಳಿದವಳೂ ಅವಳೇ. ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಿದಳಲ್ಲ ಎಂದು ಮತ್ತಷ್ಟು ಉರಿದೆ. ಆದರೆ ಮರುವರ್ಷದಿಂದ ನನ್ನ ಮಣೆಯೂ ಶೆಡ್ಡಿಗೆ ಹೋಯಿತು. ಅವಳಿರುವವರೆಗೂ ಪ್ರತಿ ಬೇಸಿಗೆ ಅವಳ ಪಕ್ಕದಲ್ಲೇ ಕುಳಿತೆ, ಜಗಳವಾಡುತ್ತಲೇ.

ಅವಳು ತೀರಿಕೊಂಡ ದಿನ ಓಣಿಯವಳೊಬ್ಬಳು ತಲೆಯ ಬಳಿ ಕುಳಿತು, "ಒಡಹುಟ್ಟಿದ ಅಕ್ಕ ಇದ್ದಾಂಗ ಇದ್ದೆಲ್ಲಬೇ ನನಗ!" ಎಂದು ಗೋಳಾಡಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಅತ್ತಾಗ ಸರಕೋ," ಎಂದೆ. "ಆಕಿ ನನಗ ಅಕ್ಕ."